ಸಮುದ್ರದ ಬದಿ ಚಕ್ರ

ಅಂಕೋಲೆಲಿ ಹೈವೇ ಬದಿಗೆ ಭಾಸ್ಕರಣ್ಣನ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆಯಲ್ಲ, ಅಲ್ಲಿಗೆ ಹೋಗಿ ಒಂದು ವೀಲ್ ಸ್ಟಡ್ ಕೇಳಿ ನೋಡಿ. ಸ್ಟಡ್ ಅಂದ್ರೆ ಮತ್ತೆಂತ ಅಲ್ಲ, ಚಕ್ರನ ಗಾಡಿಗೆ ಹಿಡ್ದು ನಿಲ್ಸೂ ಬೋಲ್ಟು. ಅಚ್ಚಿನ ತುದಿಯ ಹಬ್ಬಿಂದ ಹೊರಗೆ ಚಾಚ್ಕಂಡು ಇರ್ತದೆ, ಅದಕ್ಕೆ ಚಕ್ರ ಏರ್ಸಿ ಮೇಲಿಂದ ನಟ್ ಬಿಗಿಯೂದು. ಕೌಂಟರ್ ಹಿಂದೆ ಒಬ್ಳು ಗಟ್ಟಿಮುಟ್ಟು ಹೆಂಗ್ಸು, ಮೂಗಿಗೆ ದೊಡ್ಡ ನತ್ತು, ಸೀರೆ ಮೇಲೆ ಗಂಡಸ್ರ ಖಾಕಿ ಅಂಗಿ. ಅದೇ ದಮಯಂತಕ್ಕ. ಅವ್ಳು ಯಾವ ಗಾಡಿ ಕೇಳೂದಿಲ್ಲ, ಸೈಜು ಎಷ್ಟು ಹೇಳಿನೂ ಕೇಳೂದಿಲ್ಲ. ಮೊದ್ಲು ಕೇಳೂದು ಇಷ್ಟೇ:

"ಗಾಡಿ ಮುಖ ಎಲ್ಲಿಗೆ?"

ಹೊಸಬ್ರು ಬಾಯಿ ಬಿಟ್ಕಂಡು ನಿಲ್ತಾರೆ. ಹುಬ್ಬಳ್ಳಿ ಬದಿ ಡ್ರೈವರ್ ಒಬ್ಬ "ಮುಖ ಮುಂದಕ್ಕೇ ಐತ್ರೀ ಅಕ್ಕಾರ" ಅಂದಿದ್ದ. ಊರವ್ರು ಮಾತ್ರ ಕಿಸಿಕಿಸಿ ನಗ್ತಾರೆ. ಎಂತಕ್ಕೆ ಹೇಳಿ ಅವ್ರಿಗೆ ಗೊತ್ತು. ಈ ಪ್ರಶ್ನೆ ಹುಟ್ಟಿದ್ದು ಹೋದ ವರ್ಷ, ಮೀನು ಹಿಡಿಯೂದಕ್ಕೆ ಮಳೆಗಾಲದ ಬಂದ್ ಮುಗ್ದು ಬೋಟು ನೀರಿಗಿಳಿಯೂ ದಿನ. ಅದನ್ನೇ ಹೇಳೂಕೆ ಹೊರಟದ್ದು ನಾನು. ಆದ್ರೆ ಮೊದ್ಲು ಅವ್ಳ ಸುದ್ದಿ ಒಂಚೂರು ಹೇಳ್ಬೇಕು, ಇಲ್ದಿದ್ರೆ ಕತೆ ನಿಲ್ಲೂದಿಲ್ಲ.

ದಮಯಂತಕ್ಕ ಬೇಲೆಕೇರಿ ಹರಿಕಂತ್ರರ ಮನೆ ಹುಡ್ಗಿ. ಮನೆಯವ್ರೆಲ್ಲ ಸಮುದ್ರಕ್ಕೆ ಹೋಗೂವ್ರು, ಅವ್ಳ ಅಪ್ಪ ಒಬ್ಬ ಮಾತ್ರ ಲಾರಿ ಹಿಡ್ದ. ಅದಿರು ಬಂದರಿಗೆ ಬರೂ ಕಾಲ ಅದು. ಲಾರಿ ಅಂದ್ರೆ ಲಾರಿ, ಒಂದರ ಬಾಲಕ್ಕೆ ಒಂದು ಮೂತಿ ಹಚ್ಕಂಡು ನಿಂತಿರ್ತಿದ್ವಂತೆ. ಅವ್ಳ ಆಯಿ, ಅಂದ್ರೆ ಅಮ್ಮ, ರಸ್ತೆ ಬದಿಗೆ ಚಾದ ಗೂಡು ಹಾಕಿದ್ಲು. ಡ್ರೈವರ್ರು ಚಾ ಕುಡೀತಾ ಅಲ್ಲೇ ಟಯರ್ ಬಿಚ್ಚೂದು, ಅಲ್ಲೇ ಬಯ್ಯೂದು, ಅಲ್ಲೇ ಊಟ. ದಮಯಂತಕ್ಕ ಆಗ ಹರೇದ ಹುಡ್ಗಿ. ಗ್ಲಾಸು ತೊಳೀತಾ ಕೂತ್ರೂ ಕಿವಿ ಆಚೆಗೇ. ನಟ್ ಬಿಚ್ಚೂವಾಗ ಒಂದು ಸಲ "ಕಟ್" ಹೇಳಿ ಶಬ್ದ ಬರ್ತದಲ್ಲ, ಅದು ತುಕ್ಕು ಬಿಟ್ಟ ಶಬ್ದವೋ ಸ್ಟಡ್ ಮುರ್ದ ಶಬ್ದವೋ, ಗೂಡಿನ ಒಳಗಿಂದ್ಲೇ ಹೇಳ್ತಿದ್ಲಂತೆ. "ಮುರೀತು ನೋಡು" ಹೇಳಿ ಇವ್ಳು ಅಂದ ಮೇಲೆ ಆಚೆ ಡ್ರೈವರನ ಬೈಗುಳ ಶುರು.

ಒಂದಿನ ಒಂದು ಚಕ್ರ ಗೂಡಿನ ಒಳಗೇ ಬಂತು. ಲಾರಿ ಇಲ್ಲ, ಬರೀ ಚಕ್ರ. ಇಳಿಜಾರಲ್ಲಿ ಉರುಳ್ತಾ ಬಂದು, ಬೇಲಿ ಹಾರಿ, ಹಾಲಿನ ಪಾತ್ರೆ ಬೀಳ್ಸಿ, ಬೆಂಚಿನ ಮೇಲೆ ಗಿರಾಕಿ ಕೂತಂಗೆ ಒರಗಿ ನಿಂತ್ತು. ಹಿಂದಿಂದ ಮೂರು ಕಾಲಿನ ನಾಯಿ ಹಂಗೆ ಕುಂಟ್ತಾ ಬಂದ ಲಾರಿ ಅವ್ಳ ಅಪ್ಪಂದೇ. ಹಿಂದಿನ ವಾರ ಸ್ಟಡ್ ಮುರ್ದಾಗ ಸರಿಯಾದ್ದು ಸಿಕ್ಕಿರ್ಲಿಲ್ಲ. "ಸಂಜೆ ಬಿಚ್ಚಿ ಬೇರೆ ಹಾಕ್ತೆ" ಹೇಳ್ಕಂಡು ಯಾವ್ದೋ ಒಂದು ಹಾಕ್ಕಂಡು ಓಡಾಡ್ತಿದ್ದ. ಆ ಸಂಜೆ ಬರ್ಲೇ ಇಲ್ಲ. ಯಾರಿಗೂ ಎಂತ ಆಗ್ಲಿಲ್ಲ, ಹಾಲು ಚೆಲ್ತು ಅಷ್ಟೇ. ಆಯಿ ಚಕ್ರಕ್ಕೂ ಒಂದು ಗ್ಲಾಸು ಚಾ ಇಟ್ಟು "ಕುಡೀಲಿ ಪಾಪ, ದೂರದಿಂದ ಬಂದದೆ" ಅಂದ್ಲಂತೆ.

ಅದಿರು ನಿಂತ್ತು, ಗೂಡೂ ನಿಂತ್ತು. ದಮಯಂತಕ್ಕನ ಮದ್ವೆ ಗೊತ್ತಾಗಿ ಮುರ್ದು ಹೋಯ್ತು, ಮತ್ತೆ ಯಾರೂ ಕೇಳ್ಲಿಲ್ಲ, ಅವ್ಳೂ ಕೇಳ್ಲಿಲ್ಲ. ಭಾಸ್ಕರಣ್ಣನ ಅಂಗಡಿಗೆ ಕಸ ಗುಡ್ಸೂಕೆ ಹೇಳಿ ಬಂದವ್ಳು. ಗುಡ್ಸ್ತಾ ಗುಡ್ಸ್ತಾ ಡಬ್ಬಿಗಳು ಎಲ್ಲೆಲ್ಲಿ ಹೇಳಿ ಅವ್ಳಿಗೇ ಗೊತ್ತಾಯ್ತು, ಭಾಸ್ಕರಣ್ಣಂಗೆ ಮರ್ತು ಹೋಯ್ತು. ಈಗ ಚಕ್ರದ ಸಾಮಾನು ಪೂರ್ತಿ ಅವ್ಳದ್ದೇ ಕಾರ್ಬಾರು. ಕಸ ಗುಡ್ಸೂದು ಭಾಸ್ಕರಣ್ಣ.

ಅವ್ಳು ಸಾಮಾನು ಕೊಡೂದು ನೋಡೂಕೆ ಹೇಳೇ ನಾ ಎಷ್ಟೋ ಸಲ ಅಲ್ಲಿ ನಿಂತದ್ದುಂಟು. ಹಳೇದು ತಾ ಅಂತಾಳೆ. ಮುರ್ದಿದ್ರೆ ಮುರ್ದ ತುಂಡೇ ತಾ. ಅದಿಲ್ದೆ ಡಬ್ಬಿ ಮುಟ್ಟೂದಿಲ್ಲ. ಸ್ಟಡ್ಡಿನ ಕುತ್ತಿಗೆ ಹತ್ರ ಹಲ್ಲು ಹಲ್ಲು ಇರ್ತದೆ, ಹಬ್ಬಿನ ತೂತಲ್ಲಿ ಕಚ್ಕಂಡು ಕೂರೂಕೆ. ಅಲ್ಲಿ ದಪ್ಪ ನೋಡ್ತಾಳೆ. ಆಮೇಲೆ ಹಳೇದು ಹೊಸದು ಎರಡನ್ನೂ ಅಡ್ಡಡ್ಡ ಹಿಡ್ದು ತಿರುಪಿನ ತ್ರೆಡ್ಡಿಗೆ ತ್ರೆಡ್ಡು ಕೂರ್ಸಿ ಬಾಗ್ಲ ಬೆಳಕಿಗೆ ಎತ್ತಿ ಹಿಡೀತಾಳೆ. ಮಧ್ಯ ಎಲ್ಲಾದ್ರೂ ಬೆಳಕು ಕಂಡ್ರೆ ಅದು ಆ ಗಾಡಿದಲ್ಲ. ನಟ್ಟಿನ ಬುಡ ಓರೆಯೋ ಚಪ್ಪಟೆಯೋ ಹೇಳಿ ಉಗುರಲ್ಲಿ ಸವ್ರಿ ನೋಡ್ತಾಳೆ.

ನಟ್ಟಿನ ತಲೆಗೆ ಹಾಕಿ ತಿರುಗ್ಸೂ ಸಾಕೆಟ್ಟು ಕೇಳಿದ್ರೆ ಒಳಗೆ ಆರು ಮೂಲೆ ಇದ್ದದ್ದೇ ಕೊಡೂದು. ಹನ್ನೆರಡು ಮೂಲೆದು ಕೇಳಿದ್ರೆ, "ನಿಮ್ಮನೆ ಗಾಡಿ ಸಮುದ್ರದ ಗಾಳಿ ಕುಡ್ದಿದೆಯೋ ಇಲ್ವೋ? ತುಕ್ಕು ಹಿಡ್ದ ನಟ್ಟಿಗೆ ಅದು ಹಾಕಿದ್ರೆ ಮೂಲೆ ತಿಂದು ಉಂಡೆ ಮಾಡ್ತದೆ. ಮತ್ತೆ ಆ ಉಂಡೆ ಹಿಡ್ಕಂಡು ನನ್ ಹತ್ರ ಬರ್ಬೇಡ" ಅಂತಾಳೆ. ಟಾಮಿ ಅಂದ್ರೆ ಬಿಗಿದ ನಟ್ಟು ಬಿಚ್ಚೂ ಉದ್ದ ಸರಳು. ಅದಕ್ಕೂ ಮಾತು ಇದ್ದೇ ಇದೆ. ಒಬ್ಬ ಟಿಪ್ಪರಿನವ "ಅಕ್ಕಾ, ಇದಕ್ಕಿಂತ ಉದ್ದದ್ದು ಇಲ್ವಾ?" ಕೇಳ್ದ.

"ಇದೆ. ದೋಣಿ ಹುಟ್ಟು. ತರ್ಲಾ?"

"ತಮಾಷೆ ಅಲ್ಲ ಅಕ್ಕಾ. ಇದ್ರಲ್ಲಿ ಬಿಗಿ ಮಾಡಿದ್ರೆ ಗಟ್ಟಿ ಕೂರೂದಿಲ್ಲ."

"ಇದು ಬಿಚ್ಚೂಕೆ ರೆ. ಬಿಗಿ ಮಾಡೂಕಲ್ಲ. ನೀ ಇದ್ರ ಮೇಲೆ ಹತ್ತಿ ಕುಣೀತೆ, ಸ್ಟಡ್ಡು ಒಳಗೊಳಗೇ ಎಳ್ದು ಸಣ್ಣ ಆಗ್ತದೆ, ಘಟ್ಟದಲ್ಲಿ ಮುರೀತದೆ. ಆಮೇಲೆ ನೀನೇ ದಮಯಂತಿ ಕೊಟ್ಟದ್ದು ಸಮ ಇಲ್ಲ ಅಂತೆ."

ಅಂವ ಸಣ್ಣದೇ ತಕ್ಕಂಡು ಹೋದ.

ಇನ್ನೊಂದು ಮುಖ್ಯ ವಿಷ್ಯ. ಬೇಲೆಕೇರಿಲಿ ಅವ್ಳ ಮನೆ ಕಡೆ ಎಡ ಬಲ ಹೇಳೂದು ಕಡ್ಮೆ. ಸಮುದ್ರದ ಬದಿ, ಗುಡ್ಡದ ಬದಿ. ಎಲ್ಲದಕ್ಕೂ ಅದೇ. ಉಪ್ಪಿನ ಡಬ್ಬಿ ಎಲ್ಲಿ? ಕಪಾಟಿನ ಗುಡ್ಡದ ಬದಿ. ಯಾವ ಚಪ್ಪಲಿ ಹರೀತು? ಸಮುದ್ರದ ಬದಿದು. ಡಾಕ್ಟ್ರು ಯಾವ ಕಿವಿ ನೋವು ಕೇಳಿದ್ದಕ್ಕೆ ಒಬ್ಳು ಅಜ್ಜಿ ಸಮುದ್ರದ ಬದಿದು ಅಂದು, ಅವ್ರು ಕುರ್ಚಿ ತಿರುಗ್ಸಿ ಕೂರ್ಸಿದ ಮೇಲೆ ಇನ್ನೊಂದು ಕಿವಿಗೆ ಮದ್ದು ಬಿಟ್ಟ್ರು ಹೇಳಿ ಒಂದು ಕತೆ ಇದೆ. ಸುಳ್ಳೂ ಇರ್ಬಹುದು. ನಮ್ಮ ಹೈವೇಯಂತೂ ಸಮುದ್ರದ ಪಕ್ಕ ಪಕ್ಕಕ್ಕೇ ಹೋಗೂದು, ಹಂಗಾಗಿ ಡ್ರೈವರ್ರಿಗೂ ಅದೇ ಮಾತು ಹತ್ತಿದೆ. ಸಮುದ್ರದ ಬದಿ ಟಯರ್ ಪಂಚರು, ಗುಡ್ಡದ ಬದಿ ಕನ್ನಡಿ ಒಡೀತು.

ಇದ್ರಲ್ಲಿ ತೊಂದ್ರೆ ಎಂತದು ಹೇಳಿ ಯಾರಿಗೂ ಹೊಳ್ದಿರ್ಲಿಲ್ಲ.

ಈಗ ತುಳಸಿದಾಸ. ದಮಯಂತಕ್ಕನ ತಮ್ಮ. ಅಪ್ಪನ ಆ ಹಳೇ ಲಾರಿ ಈಗ ಅಂವ ಓಡ್ಸೂದು. ಬಣ್ಣ ಹೊಸದು, ಬಾಡಿ ಹೊಸದು, ಕೆಳಗೆ ಅದೇ ಮುದ್ಕ. ಆ ಕಾಲದ ಲಾರಿಗಳಲ್ಲಿ ಒಂದು ವಿಶೇಷ ಇದೆ. ಬಲ ಬದಿ ಚಕ್ರಕ್ಕೆ ಸೀದಾ ತ್ರೆಡ್ಡು, ಎಲ್ಲ ಬೋಲ್ಟಿನ ಹಂಗೆ. ಎಡ ಬದಿ ಚಕ್ರಕ್ಕೆ ಉಲ್ಟಾ ತ್ರೆಡ್ಡು, ಬಿಚ್ಚೂ ಕಡೆಗೆ ತಿರುಗ್ಸಿದ್ರೆ ಬಿಗಿ ಆಗ್ತದೆ. ಎಂತಕ್ಕೆ ಹಂಗೆ ಕೇಳಿದ್ರೆ ದಮಯಂತಕ್ಕ ಕೈ ಬೆರಳು ತಿರುಗ್ಸಿ ತೋರ್ಸ್ತಾಳೆ: ಗಾಡಿ ಮುಂದೆ ಹೋಗ್ತಾ ಎಡ ಚಕ್ರ ತಿರುಗೂ ದಿಕ್ಕಿಗೆ ಸೀದಾ ನಟ್ಟು ಹಾಕಿದ್ರೆ ನಿಧಾನ ಸಡ್ಲ ಆಗ್ತಾ ಬರ್ತದೆ. ಅದಕ್ಕೇ ಎಡಕ್ಕೆ ಉಲ್ಟಾ. ಉಲ್ಟಾ ಸ್ಟಡ್ಡಿನ ತಲೆ ಮೇಲೆ ಗುರುತು ಇರ್ತದೆ, ನಟ್ಟಿನ ಮೂಲೆಗೆ ಗೀರು ಇರ್ತದೆ. ಹೊಸ ಗಾಡಿಲಿ ಈ ರಗಳೆ ಇಲ್ಲ.

ತುಳಸಿದಾಸ ಮಳೆಗಾಲ ಪೂರ್ತಿ ಬೇಲೆಕೇರಿ ತಾಂಡೇಲನ ಹಿಂದೆ ಬಿದ್ದಿದ್ದ. ತಾಂಡೇಲ ಅಂದ್ರೆ ಬೋಟಿನ ಯಜಮಾನಿಕೆ ಮಾಡೂವ, ಬೋಟು ಕಟ್ಟೂ ಆ ಧಕ್ಕೆಲಿ ಅವ್ನ ಮಾತು ನಾಲ್ಕೈದು ಬೋಟಿನವ್ರು ಕೇಳ್ತಾರೆ. ಸೀಸನ್ ಪೂರ್ತಿ ಕಾರವಾರದಿಂದ ಐಸು ತರೂ ಕೆಲ್ಸ ತನಗೆ ಕೊಡ್ಬೇಕು ಹೇಳಿ ಇವ್ನ ಆಸೆ. ತಾಂಡೇಲ ಕೊನೆಗೆ ಒಂದು ಮಾತು ಹೇಳಿದ್ದ.

"ಬೋಟು ಇಳಿಯೂ ದಿನ ಭರತಿ ನೀರು ಇಳಿಯೂಕೆ ಮೊದ್ಲು ನಿನ್ನ ಐಸು ಧಕ್ಕೆಲಿ ಇದ್ರೆ ಸೀಸನ್ ನಿಂದು. ಇಲ್ದಿದ್ರೆ ಮಂಗೇಶಂದು. ಮತ್ತೆ ಬಂದು ಅಳ್ಬೇಡ."

ಮಂಗೇಶ ಅಂದ್ರೆ ಕಾರವಾರದಂವ, ಹೊಸ ಲಾರಿ. ತುಳಸಿದಾಸ ಬೆಳಗ್ಗೆ ಬೇಗ್ನೇ ಹೋಗಿ ಐಸು ತುಂಬ್ಸ್ಕಂಡು, ಮೇಲೆ ಗೋಣಿ ಹಾಸಿ, ಟಾರ್ಪಾಲು ಕಟ್ಟಿ ಹೊರಟ.

ದಮಯಂತಕ್ಕ ಅಂಗಡಿಲಿ ಚಾ ಕುಡೀತಾ ಇದ್ಲು. ಫೋನು ಬಂತು.

"ಅಕ್ಕಾ, ಹಿಂದಿನ ಚಕ್ರದ ಸ್ಟಡ್ಡು ಹೋಯ್ತು. ಒಂದಲ್ಲ, ಸಾಲಾಗಿ ಹೋಗಿವೆ. ಗಾಡಿ ಅಳ್ಳಾಡೂಕೆ ಹಿಡೀತು."

"ಎಲ್ಲಿದ್ದೆ?"

"ಅವರ್ಸಾ. ಸಂದೇಶನ ಟಯರ್ ಅಂಗಡಿ ಎದ್ರಿಗೇ. ಅಂವ ಜಾಕ್ ಹಾಕ್ತಾ ಇದಾನೆ."

"ಯಾವ ಬದಿ ಚಕ್ರ?"

"ಸಮುದ್ರದ ಬದಿ. ಬೇಗ ಅಕ್ಕಾ, ಐಸು ಇದೆ ಮೇಲೆ."

ದಮಯಂತಕ್ಕ ಲೆಕ್ಕ ಹಾಕಿದ್ಲು. ಐಸು ತುಂಬಿದೆ ಅಂದ್ಮೇಲೆ ಕಾರವಾರದಿಂದ ಬರ್ತಾ ಇದಾನೆ. ಕಾರವಾರದಿಂದ ಈಚೆ ಬರೂವಾಗ ಸಮುದ್ರ ಬಲಕ್ಕೆ. ಬಲಕ್ಕೆ ಸೀದಾ. ಮುರ್ದ ತುಂಡು ಕೇಳ್ಲಿಲ್ಲ, ಎಲ್ಲಿಂದ ಕೇಳೂದು, ಅಂವ ಅವರ್ಸಾದಲ್ಲಿ. ಸೀದಾ ಸ್ಟಡ್ಡು, ಅದ್ರ ನಟ್ಟು ಎಲ್ಲ ಒಂದು ಚೀಲಕ್ಕೆ ಹಾಕಿ ಗಂಟು ಕಟ್ಟಿದ್ಲು. ಆ ಚಕ್ರದ ಗಾತ್ರ ಅವ್ಳಿಗೆ ನೋಡ್ದೇ ಗೊತ್ತು, ಅಪ್ಪನ ಲಾರಿ ಅಲ್ದಾ.

ಭಾಸ್ಕರಣ್ಣ ಮೂಲೇಲಿ ಕೂತು ನೋಡ್ತಾ ಇದ್ದ. "ಬೇರೆಯವ್ರಿಗಾದ್ರೆ ಹಳೇದು ತಾ, ಮುರ್ದದ್ದು ತಾ. ತಮ್ಮ ಅಂದ ಕೂಡ್ಲೆ ಎಂತದೂ ಬೇಡ."

"ಭರತಿ ಕಾಯ್ತದಾ ಭಾಸ್ಕರಣ್ಣ? ನೀವು ಒಂದು ಮಾತು ಹೇಳಿ ಹಂಗಾದ್ರೆ, ನಿಲ್ಲೂಕೆ."

ಅಷ್ಟ್ರಲ್ಲಿ ಕಾರವಾರ ಬಸ್ಸು ಬಂತು. ಕಂಡಕ್ಟರಿಗೆ ಚೀಲ ಕೊಟ್ಟು, "ಅವರ್ಸಾದಲ್ಲಿ ಸಂದೇಶನ ಟಯರ್ ಅಂಗಡಿ. ನನ್ ತಮ್ಮ ಇದಾನೆ, ಕೊಟ್ಟು ಹೋಗಿ ಅಣ್ಣ" ಅಂದ್ಲು. ಕಂಡಕ್ಟರ್ ಚೀಲ ಎತ್ತಿ ನೋಡಿ "ಬಂಗಡೆ ಮೀನು ಇದ್ದಂಗೆ ಇಲ್ಲ ಇದು, ಭಾರ ಇದೆ" ಹೇಳಿ ಡ್ರೈವರನ ಕಾಲ ಹತ್ರ ಇಟ್ಟ.

ಚಾ ತಣ್ಣಗಾಗಿತ್ತು, ಅದನ್ನೇ ಕುಡ್ದ್ಲು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು.

"ಚೀಲ ಸಿಕ್ತು ಅಕ್ಕಾ. ಬಸ್ಸಿನವ ಗಾಡಿ ಪಕ್ಕಕ್ಕೇ ನಿಲ್ಸಿ ಕೊಟ್ಟು ಹೋದ. ಆದ್ರೆ ನೀ ಸೀದಾದು ಕಳ್ಸಿದ್ಯೆ. ಇದು ಎಡ ಚಕ್ರ, ಉಲ್ಟಾ ಬೇಕಿತ್ತು."

"ಸಮುದ್ರದ ಬದಿ ಅಂದ್ಯಲ್ಲಾ!"

"ಹೌದು. ಸಮುದ್ರದ ಬದಿಯೇ."

"ಕಾರವಾರದಿಂದ ಬರೂವಾಗ ಸಮುದ್ರ ಬಲಕ್ಕೆ ಅಲ್ವಾ ರೆ?"

"ಬರ್ತಾ ಬಲಕ್ಕೇ ಇತ್ತು. ಸಂದೇಶನ ಅಂಗಡಿ ಆಚೆ ರಸ್ತೆಗೆ ಅಲ್ದಾ? ಮಧ್ಯ ಡಿವೈಡರು. ಮುಂದೆ ಹೋಗಿ ತಿರುಗ್ಸ್ಕಂಡು ಬಂದೆ. ಈಗ ಗಾಡಿ ಮುಖ ಕಾರವಾರಕ್ಕೆ."

ದಮಯಂತಕ್ಕ ಅಂಗೈನೇ ಗಾಡಿ ಮಾಡಿ ಕೌಂಟರ್ ಮೇಲೆ ತಿರುಗ್ಸಿ ನೋಡಿದ್ಲು. ಆಮೇಲೆ, "ಹಂಗಾದ್ರೆ ನಿನ್ನ ಸಮುದ್ರ ಎಡಕ್ಕೆ ಬಂತು" ಅಂದ್ಲು.

"ಇರ್ಲಿ ಬಿಡು, ಇದೇ ಹಾಕ್ತೆ. ಬ್ರೇಕ್ ಡ್ರಮ್ಮು ಬಿಚ್ಚಿ ಆಯ್ತು. ಬೇಲೆಕೇರಿ ಇಲ್ಲೇ ಅಲ್ದಾ, ನಿಧಾನ ಹೋಗ್ತೆ."

"ಹಾಕ್ಬೇಡ. ಉಲ್ಟಾದು ತಕ್ಕಂಡು ನಾ ಬರ್ತೆ."

"ನೀ ಬರೂ ಹೊತ್ತಿಗೆ ಭರತಿ..."

"ಹಾಕ್ಬೇಡ ಅಂದೆ" ಹೇಳಿ ಫೋನಿಟ್ಲು. ಉಲ್ಟಾ ಸ್ಟಡ್ಡಿನ ಡಬ್ಬಿ ತೆಗ್ದು, ಒಂದೊಂದರ ತಲೆ ಮೇಲಿನ ಗುರುತು ನೋಡಿ ಎಣ್ಸಿ ಚೀಲಕ್ಕೆ ಹಾಕಿದ್ಲು. ಬಸ್ಸು ಕಾಯೂ ಹೊತ್ತಿಲ್ಲ. ಭಾಸ್ಕರಣ್ಣ ಬಾಯಿ ತೆಗೀತಾ ಇದ್ದ.

"ಈಗ ಎಂತದೂ ಹೇಳ್ಬೇಡಿ. ಸ್ಕೂಟಿ ತೆಗೀರಿ."

ಇಬ್ರೂ ಹೊರಟ್ರು. ಮಧ್ಯ ಕಾಲ ಹತ್ರ ಚೀಲ. ದಾರಿಲಿ ಭಾಸ್ಕರಣ್ಣ ಒಂದೇ ಮಾತು ಆಡಿದ್ನಂತೆ, "ಸಮುದ್ರದ ಬದಿಗೆ ವಾಲ್ಬೇಡ, ಗಾಡಿ ಎಳೀತದೆ" ಹೇಳಿ. ಅವ್ನಿಗೂ ಅದೇ ಚಟ.

ಅವರ್ಸಾದಲ್ಲಿ ಲಾರಿ ನಿಂತದ್ದು ಸಂದೇಶನ ಅಂಗಡಿ ಎದ್ರಿಗೆ. ಅಲ್ಲಿಂದ ಸಮುದ್ರ ಕಾಣೂದೂ ಇಲ್ಲ, ಗಾಳಿಮರ ಅಡ್ಡ ಇದೆ. ಆದ್ರೂ ಸಮುದ್ರದ ಬದಿ. ಇವ್ರು ಹೋಗಿ ನಿಲ್ಲೂ ಹೊತ್ತಿಗೆ ಸಂದೇಶ ಆ ಸೀದಾ ಸ್ಟಡ್ಡನ್ನೇ ಕೂರ್ಸಿ, ಡ್ರಮ್ಮು ಏರ್ಸಿ, ಎರಡೂ ಟಯರ್ ಹಾಕಿ, ಕೊನೇ ನಟ್ಟಿಗೆ ಟಾಮಿ ಕೊಟ್ಟು ನಿಂತಿದ್ದ. ತುಳಸಿದಾಸ ಆಗ್ಲೇ ಮೇಲೆ ಕೂತು ಇಂಜಿನ್ ಚಾಲೂ ಮಾಡಿದ್ದ. ಟಾರ್ಪಾಲಿನ ಕೆಳಗಿಂದ ನೀರು ಸೋರ್ತಾ ಇತ್ತು.

ದಮಯಂತಕ್ಕ ಸೀದಾ ಹೋಗಿ ಲಾರಿ ಎದ್ರಿಗೆ ಚೀಲ ಇಟ್ಲು. ತಾನು ಬದಿಗೆ ನಿಂತ್ಲು.

"ದಾಟ್ಸ್ಕಂಡು ಹೋಗು ಬೇಕಾದ್ರೆ. ಟಯರಿಗೆ ಚುಚ್ಚಿದ್ರೆ ಸಂದೇಶಂಗೆ ಮತ್ತೊಂದು ಕೆಲ್ಸ."

"ಅಕ್ಕಾ, ಹುಚ್ಚು ಹಿಡೀತಾ ನಿಂಗೆ?" ತುಳಸಿದಾಸ ಕಿಟಕಿಂದ ತಲೆ ಹಾಕ್ದ. "ಇಲ್ಲಿಂದ ಬೇಲೆಕೇರಿಗೆ ಒಂದು ಬೀಡಿ ಸೇದೂವಷ್ಟು ದೂರ."

"ಇಳಿ ಕೆಳಗೆ."

ಸಂದೇಶ ಕೈ ಒರೆಸ್ಕಂತಾ ಬಂದ. ಒಳ್ಳೆ ಕೆಲ್ಸಗಾರ ಅಂವ, ಸುಮ್ನೆ ಮಾತಾಡೂವನಲ್ಲ. "ದಮಯಂತಕ್ಕ, ಹೊಸ ಗಾಡಿಗೆಲ್ಲ ಎರಡೂ ಬದಿಗೂ ಸೀದಾ ತ್ರೆಡ್ಡೇ ಬರ್ತದೆ. ಓಡೂದಿಲ್ವಾ? ಚಕ್ರ ಬಿದ್ದು ಹೋಗಿದೆಯಾ?"

"ಹೊಸ ಗಾಡಿ ನಟ್ಟಿಗೆ ಬುಡದಲ್ಲಿ ಅಗಲ ವಾಸರ್ ಕೂಡೇ ಬರ್ತದೆ, ಚಪ್ಪಟೆ ಕೂರ್ತದೆ. ಇದು ಓರೆ ಬುಡದ್ದು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಹೇಳೂದು ಬೇಡ ಸಂದೇಶ. ಅಲ್ದೇ ಈಗ ಈ ಚಕ್ರದಲ್ಲಿ ಅರ್ಧ ಉಲ್ಟಾ, ಅರ್ಧ ಸೀದಾ. ನಾಳೆ ಎಲ್ಲೋ ಪಂಚರ್ ಆದ್ರೆ ಬಿಚ್ಚೂವ್ನಿಗೆ ಯಾವ್ದು ಎತ್ಲಾಗೆ ಹೇಳಿ ಹೆಂಗೆ ಗೊತ್ತು? ಬಿಚ್ತೆ ಹೇಳಿ ಬಿಗಿ ಮಾಡ್ತಾನೆ. ಟಾಮಿಗೆ ಪೈಪು ಸಿಕ್ಕಿಸಿ ಮುರೀತಾನೆ."

"ಅದು ಹೌದು," ಹೇಳ್ದ ಸಂದೇಶ.

ತುಳಸಿದಾಸ ಇಳ್ದ. ಸಿಟ್ಟಲ್ಲಿ ಬಾಗ್ಲು ಎಷ್ಟು ಜೋರು ಹಾಕ್ದ ಅಂದ್ರೆ ಕನ್ನಡಿ ತಿರುಗ್ತು. "ತಪ್ಪು ಮಾಡಿದ್ದು ನೀನು. ಹೊತ್ತು ಕಳ್ಕಂಬೂದು ನಾನಾ? ನಿಂಗೆ ನಿನ್ನ ಅಂಗಡಿ ಹೆಸ್ರು ದೊಡ್ಡದು. ಇವತ್ತು ಹೋಗ್ದಿದ್ರೆ ಸೀಸನ್ ಹೋಯ್ತು ನಂದು, ಗೊತ್ತಿದೆಯಾ?"

"ತಪ್ಪು ನಂದೇ. ಅದಕ್ಕೇ ವಾಪಸ್ ತಕ್ಕಂಡು ಹೋಗೂಕೆ ಬಂದದ್ದು."

"ಐಸು ಇಳ್ಸಿ ಬರ್ತೆ. ಸಂಜೆ ಬಿಚ್ತೆ. ದೇವ್ರಾಣೆ, ಸಂಜೆ ಬಿಚ್ತೆ."

"ಅಪ್ಪನೂ ಸಂಜೆ ಬಿಚ್ತೆ ಅಂದಿದ್ದ," ಅಂದ್ಲು ದಮಯಂತಕ್ಕ. "ಇದೇ ಲಾರಿ. ಇದೇ ಬದಿ."

ತುಳಸಿದಾಸ ಅವ್ಳನ್ನ ನೋಡ್ದ, ಚಕ್ರ ನೋಡ್ದ. ಹೈವೇಲಿ ಗಾಡಿ ಹೋಗ್ತಾ ಬರ್ತಾ ಇದ್ವು. ಆ ಕಡೆ ರಸ್ತೆಲಿ ಕಾರವಾರದಿಂದ ಒಂದು ಹೊಸ ಲಾರಿ ಟಾರ್ಪಾಲು ಕಟ್ಕಂಡು ಅಂಕೋಲೆ ಬದಿಗೆ ಹೋಯ್ತು. ಮಂಗೇಶಂದೇ. ಹಾರ್ನು ಬೇರೆ ಹೊಡ್ದ, ಗುರ್ತಿನವ್ರಿಗೆ ಹೊಡೀತಾರಲ್ಲ ಹಂಗೆ.

ತುಳಸಿದಾಸ ಇಂಜಿನ್ ಬಂದ್ ಮಾಡ್ದ. ಟಾಮಿ ಎತ್ಕಂಡ. ಸಿಟ್ಟಲ್ಲಿ ಮೊದಲ ನಟ್ಟಿಗೇ ಉಲ್ಟಾ ದಿಕ್ಕಿಗೆ ಕೈ ಕೊಟ್ಟ, ಎಡ ಚಕ್ರ ಅಂದ್ರೆ ಅವ್ನ ಕೈ ತಾನಾಗೇ ಹಂಗೇ ಹೋಗೂದು. ನಟ್ಟು ಬಿಚ್ಚೂ ಬದ್ಲು ಮತ್ತೂ ಬಿಗಿ ಆಯ್ತು. ಸಂದೇಶ ನಕ್ಬಿಟ್ಟ.

"ನೋಡಿದ್ಯಾ," ಅಂದ್ಲು ದಮಯಂತಕ್ಕ. "ಈಗ್ತಾನೆ ನಿನ್ ಎದ್ರಿಗೇ ಹಾಕಿದ್ದು ಅದು."

ಮತ್ತೆ ಎಲ್ಲ ಬಿಚ್ಚಿದ್ರು. ಟಯರು, ಡ್ರಮ್ಮು, ಸ್ಟಡ್ಡು. ದಮಯಂತಕ್ಕ ಸೀರೆ ಎತ್ತಿ ಕಟ್ಟಿ ಚಕ್ರದ ಹತ್ರ ಕುಕ್ಕುರು ಕೂತು ಒಂದೊಂದೇ ಸ್ಟಡ್ಡು ಕೈಗೆ ಕೊಡ್ತಾ ಹೋದ್ಲು, ಗುರುತು ಮೇಲೆ ಮಾಡಿ. ಭಾಸ್ಕರಣ್ಣ ಸಂದೇಶನ ಅಂಗಡಿ ಮುಂದೆ ಸ್ಟೂಲ್ ಹಾಕ್ಕಂಡು ಕೂತಿದ್ದ, ಸುಮ್ನೆ ಕೂರೂಕೆ ಆಗ್ದೆ ಅಲ್ಲಿಯ ಕಸ ಗುಡ್ಸಿದ. ಮೇಲಿಂದ ಐಸಿನ ನೀರು ಅವ್ಳ ಬೆನ್ನಿಗೆ ಬೀಳ್ತಾ ಇತ್ತು. ಕೆಳಗೆ ಬಿದ್ದ ನೀರು ಡಾಂಬರು ಇಳ್ದು, ಮಣ್ಣು ಇಳ್ದು, ಗಾಳಿಮರದ ಬದಿಗೇ ಹರ್ಕಂಡು ಹೋಗ್ತಾ ಇತ್ತು. ತುಳಸಿದಾಸ ಅದನ್ನ ನೋಡಿ, "ಅದಾದ್ರೂ ಹೊತ್ತಿಗೆ ಸರಿ ಸಮುದ್ರಕ್ಕೆ ಮುಟ್ತದೆ" ಅಂದ.

ಬೇಲೆಕೇರಿ ಧಕ್ಕೆಗೆ ಮುಟ್ಟೂವಾಗ ಬೋಟು ಇರ್ಲಿಲ್ಲ. ಹಗ್ಗ ಕಟ್ಟೂ ಕಂಬ ಖಾಲಿ. ಮಂಗೇಶನ ಲಾರಿ ತೊಳೀತಾ ಇದ್ರು. ತಾಂಡೇಲ ಆ ದಿನ ತಾನು ಹೋಗ್ದೆ ಮಗನ್ನ ಕಳ್ಸಿದ್ದ, ಬಲೆ ರಾಶಿ ಮೇಲೆ ಕೂತಿದ್ದ. ದಮಯಂತಕ್ಕ ಲಾರಿಂದ ಮೊದ್ಲು ಇಳ್ದು ಅವ್ನ ಹತ್ರ ಹೋದ್ಲು. ಬಟ್ಟೆ ಬೆನ್ನಿಗೆ ಅಂಟಿತ್ತು.

"ಮಾವ, ಇವ್ನ ತಪ್ಪಲ್ಲ. ನಾ ಬೇರೆ ಬದಿ ಸಾಮಾನು ಕಳ್ಸಿದ್ದು. ಹೊತ್ತಾದದ್ದು ನನ್ನಿಂದ."

ತಾಂಡೇಲ ಎಲೆ ಅಡ್ಕೆ ಅಗೀತಾ ಪೂರ್ತಿ ಕೇಳ್ದ. ಎಡ, ಬಲ, ಡಿವೈಡರು, ಎಲ್ಲ. "ನಿಂದು ಸಮ," ಅಂದ. "ಆದ್ರೆ ಯಾರ ತಪ್ಪು ಹೇಳಿ ಮೀನಿಗೆ ಗೊತ್ತಾಗೂದಿಲ್ಲ ಮಗಾ. ಐಸು ಇಲ್ದಿದ್ರೆ ಕೊಳೀತದೆ. ಮಾತು ಕೊಟ್ಟಾಗಿದೆ, ಈ ಸಲ ಮಂಗೇಶ ತರ್ಲಿ."

"ಆಯ್ತು," ಅಂದ್ಲು. ಮತ್ತೆ ಕೇಳ್ಲಿಲ್ಲ. ತುಳಸಿದಾಸ ಲಾರಿಂದ ಇಳೀಲೇ ಇಲ್ಲ. ಉಳ್ದ ಐಸು ಕೇಣಿ ಬದಿ ನಾಡದೋಣಿಯವ್ರು, ಮೀನು ಮಾರೂ ಹೆಂಗಸ್ರು ತುಂಬ್ಸ್ಕಂಡು ಹೋದ್ರು. ತಾಂಡೇಲ ಹಿಂದಿಂದ ಕೂಗಿ ಕೇಳ್ದ:

"ಹೌದು ದಮಯಂತಿ, ಈಗ ನಾ ಕೂತದ್ದು ಸಮುದ್ರದ ಬದಿಯೋ ಗುಡ್ಡದ ಬದಿಯೋ?"

"ನಿಮ್ಮ ಮುಖ ಎಲ್ಲಿಗೆ ಮಾವ?" ಹೇಳಿ ಕೇಳಿದ್ಲು ಇವ್ಳು. ಧಕ್ಕೆ ಪೂರ್ತಿ ನಗಾಡ್ತು. ಆ ಪ್ರಶ್ನೆ ಅಲ್ಲಿಂದ ಶುರು ಆದದ್ದು.

ಆ ಸೀದಾ ಸ್ಟಡ್ಡುಗಳನ್ನ ಅವ್ಳು ವಾಪಸ್ ಡಬ್ಬಿಗೆ ಹಾಕ್ಲಿಲ್ಲ. ಒಂದ್ಸಲ ಹಬ್ಬಲ್ಲಿ ಕಚ್ಚಿ ಕೂತದ್ದು ಮತ್ತೆ ಮಾರೂದಿಲ್ಲ ಅವ್ಳು. ಬಿಲ್ಲಿನ ಚೀಟಿ ಹಾರದ ಹಂಗೆ ಮೇಲಿಡೂಕೆ ಈಗ ಅವೇ. ಯಾರಾದ್ರೂ ಸಮುದ್ರದ ಬದಿ ಅಂದ್ರೆ ಒಂದನ್ನ ಎತ್ತಿ ಟಕ್ ಹೇಳಿ ಕೌಂಟರ್ ಮೇಲೆ ಕುಟ್ತಾಳೆ.

ತುಳಸಿದಾಸ ಗಣಪತಿ ಹಬ್ಬದ ವರೆಗೂ ಅಕ್ಕನ ಹತ್ರ ಮಾತು ಬಿಟ್ಟಿದ್ದ. ಹಬ್ಬಕ್ಕೆ ಬಂದು ಪಂಚಕಜ್ಜಾಯ ತಿಂದು, ಅದ್ರ ಬಗ್ಗೆ ಎಂತದೂ ಹೇಳ್ದೆ ಹೋದ. ಐಸಿನ ಕೆಲ್ಸ ಇಲ್ಲ, ಲಾರಿ ನಿಲ್ಸೂಕೆ ಆಗೂದಿಲ್ಲ. ಅಗಸೂರ ಬದಿಗೆ ಚಿರೆಕಲ್ಲು ಸಾಗ್ಸೂಕೆ ಹಿಡ್ದ. ಹೆಂಗಿದೆ ಕೆಲ್ಸ ಹೇಳಿ ಭಾಸ್ಕರಣ್ಣ ಒಂದಿನ ಕೇಳಿದ್ದಕ್ಕೆ, "ಐಸಿಗಿಂತ ಅಡ್ಡಿಲ್ಲ. ಅಕ್ಕ ಸ್ಟಡ್ಡು ಹುಡ್ಕಿ ತರೂ ವರೆಗೆ ಕಲ್ಲು ಕರಗೂದಿಲ್ಲ" ಅಂದ. ಅಕ್ಕ ಅಲ್ಲೇ ಇದ್ಲು. ಅವ್ಳಿಗೆ ಕೇಳ್ಲಿ ಹೇಳೇ ಹೇಳಿದ್ದು.

ಮೊನ್ನೆ ನಾನು ಅಂಗಡಿಲಿ ಇದ್ದಾಗ ಅಂವ ಫೋನ್ ಮಾಡ್ದ. ದಮಯಂತಕ್ಕನ ಕೈ ತುಂಬ ಗ್ರೀಸು, ಸ್ಪೀಕರಿಗೆ ಹಾಕಿದ್ಲು.

"ಅಕ್ಕಾ, ಮುಂದಿನ ಚಕ್ರದ್ದು ಒಂದು ಸ್ಟಡ್ಡು ಹೋಯ್ತು."

"ಗಾಡಿ ಮುಖ ಎಲ್ಲಿಗೆ?"

"ಹುಬ್ಬಳ್ಳಿಗೆ. ಅಗಸೂರು ದಾಟಿದ್ದೆ. ಇಲ್ಲಿ ಸಮುದ್ರ ಬೆನ್ನಿಗೆ ಇದೆ, ಎರಡೂ ಬದಿಗೂ ಗುಡ್ಡ. ಈಗ ಎಂತಾ ಹೇಳ್ಲಿ?"

"ಎಡ ಹೇಳು, ಇಲ್ಲ ಬಲ ಹೇಳು."

ಆಚೆಯಿಂದ ಬಾಗ್ಲು ತೆಗ್ದದ್ದು, ಇಳ್ದದ್ದು ಕೇಳ್ತು. ಭಾಸ್ಕರಣ್ಣ ಕಸ ಗುಡ್ಸೂ ಹಿಡ್ಸೂಡಿ ನಿಲ್ಸಿ ಕಿವಿ ಕೊಟ್ಟ.

"ಊಟದ ಕೈ ಬದಿ," ಅಂದ ತುಳಸಿದಾಸ.

"ಸೀಟಲ್ಲಿ ಕೂತಾಗ್ಲೋ, ಗಾಡಿ ಎದ್ರಿಗೆ ನಿಂತಾಗ್ಲೋ?"

ಬಾಗ್ಲು ಮತ್ತೆ ತೆಗೀತು, ಹತ್ತಿ ಕೂತ ಶಬ್ದ ಬಂತು.

"ಕೂತಾಗ. ಊಟದ ಕೈ ಬದಿಯೇ."

"ಸೀದಾ," ಹೇಳಿ ಡಬ್ಬಿಗೆ ಕೈ ಹಾಕಿದ್ಲು ದಮಯಂತಕ್ಕ. ಮತ್ತೆ ಕೈ ಹಿಂದೆ ತಕ್ಕಂಡ್ಲು. "ಅವಸರ ಇಲ್ಲ ಅಲ್ದಾ? ಕಲ್ಲು ಅಲ್ದಾ ಮೇಲೆ ಇದ್ದದ್ದು?"

"ಕಲ್ಲೇ."

"ಹಂಗಾದ್ರೆ ಮುರ್ದ ತುಂಡು ಬಸ್ಸಿಗೆ ಕೊಟ್ಟು ಕಳ್ಸು. ನೋಡಿ ಕೊಡ್ತೆ."